ಕ್ರೂಗರ್‌ನಲ್ಲಿ ಸ್ವಂತ ಸ್ಟೇರಿಂಗ್: ಐದು ರಾತ್ರಿ, ಮೂರು ಕ್ಯಾಂಪು

ಬಂಡೀಪುರ, ಕಬಿನಿ ನೋಡಿದವರಿಗೆ ಸಫಾರಿ ಎಂದರೆ ಬೆಳಿಗ್ಗೆ ಒಂದು ಟ್ರಿಪ್ಪು, ಸಂಜೆ ಒಂದು ಟ್ರಿಪ್ಪು. ಜೀಪೋ ಕ್ಯಾಂಟರೋ, ಡ್ರೈವರ್ ಎಲ್ಲಿ ನಿಲ್ಲಿಸಿದನೋ ಅಲ್ಲಿ ಕತ್ತು ಉದ್ದ ಮಾಡಿ ನೋಡುವುದು. ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ ಹಾಗಲ್ಲ. ಬಾಡಿಗೆ ಕಾರು ನಿಮ್ಮದು, ಸ್ಟೇರಿಂಗ್ ನಿಮ್ಮ ಕೈಯಲ್ಲಿ, ಯಾವ ದಾರಿಗೆ ತಿರುಗಬೇಕು ಎಂಬ ತಲೆನೋವೂ ನಿಮ್ಮದೇ. ನಮ್ಮ ಹಾಗೆ ಅಲ್ಲೂ ಎಡಗಡೆಯೇ ಓಡಿಸುವುದರಿಂದ ಅರ್ಧ ಭಯ ಅಲ್ಲಿಗೇ ಕಳೆಯಿತು.

ಇನ್ನರ್ಧ ಭಯ ದೂರದ್ದು. ಕ್ರೂಗರ್‌ನ ವಿಸ್ತೀರ್ಣ ಸುಮಾರು 19,500 ಚದರ ಕಿ.ಮೀ., ಅಂದರೆ ಇಡೀ ಕರ್ನಾಟಕದ ಹತ್ತರಲ್ಲಿ ಒಂದು ಪಾಲು. ದಕ್ಷಿಣದ ತುದಿಯಿಂದ ಉತ್ತರದ ತುದಿಗೆ ಸುಮಾರು 360 ಕಿ.ಮೀ., ಬೆಂಗಳೂರಿನಿಂದ ಮಂಗಳೂರಿಗೆ ಹೋದಷ್ಟು. ಡಾಂಬರು ರಸ್ತೆಯಲ್ಲಿ ವೇಗದ ಮಿತಿ ಗಂಟೆಗೆ 50 ಕಿ.ಮೀ., ಮಣ್ಣುರಸ್ತೆಯಲ್ಲಿ 40. ಆದರೆ ಯೋಜನೆ ಹಾಕುವಾಗ ಈ ಎರಡನ್ನೂ ಮರೆತು 25 ಎಂದು ಹಿಡಿಯಬೇಕು. ಜೀಬ್ರಾ ಕಂಡರೆ ನಿಲ್ಲುತ್ತೀರಿ, ಆನೆ ದಾಟುವವರೆಗೆ ಕಾಯುತ್ತೀರಿ, ಏನೋ ಕಂಡಂತಾಗಿ ಹಿಂದಕ್ಕೆ ಬರುತ್ತೀರಿ. ಈ ಲೆಕ್ಕ ಬಿಟ್ಟು ‘ಮೂರು ದಿನದಲ್ಲಿ ಪೂರ್ತಿ ಕ್ರೂಗರ್’ ಎಂದು ಹೊರಟವರು ಪ್ರಾಣಿಗಿಂತ ಗಡಿಯಾರವನ್ನೇ ಹೆಚ್ಚು ನೋಡಿ ಬರುತ್ತಾರೆ.

ಕೆಳಗಿನದು ಆಗಸ್ಟ್ ತಿಂಗಳಿಗೆ ಹೊಂದಿಸಿದ ಯೋಜನೆ. ಉದ್ಯಾನದ ದಕ್ಷಿಣ ಮತ್ತು ಮಧ್ಯಭಾಗ ಮಾತ್ರ. ಒಳಗೆ ಐದು ರಾತ್ರಿ. ಆಗಸ್ಟ್ ಏಕೆಂದರೆ ಮಳೆಗಾಲ ನವೆಂಬರಿನಿಂದ ಮಾರ್ಚ್‌ವರೆಗೆ. ಆಗಸ್ಟ್ ಹೊತ್ತಿಗೆ ಎಲೆ ಉದುರಿ, ಹುಲ್ಲು ಒಣಗಿ ಮಲಗಿರುತ್ತದೆ. ಕಾಡಿನೊಳಗಿನ ಸಣ್ಣಪುಟ್ಟ ಗುಂಡಿಗಳೆಲ್ಲ ಬತ್ತಿ, ಪ್ರಾಣಿಗಳು ನದಿಗೂ ಕೆರೆಗೂ ಬರಲೇಬೇಕಾಗುತ್ತದೆ. ಡಿಸೆಂಬರಿನಲ್ಲಿ ಕಾಡು ಹಸಿರಾಗಿ ಚೆಂದ, ಮರಿಗಳು ಹೆಚ್ಚು, ವಲಸೆ ಹಕ್ಕಿಗಳು ಹೆಚ್ಚು. ಆದರೆ ಹತ್ತು ಅಡಿ ದೂರದ ಸಿಂಹವೂ ಹುಲ್ಲಿನಲ್ಲಿ ಮಾಯ.

ಹೊರಡುವ ಮುನ್ನ

ಉದ್ಯಾನದ ಒಳಗಿನ ಸರ್ಕಾರಿ ಕ್ಯಾಂಪುಗಳ ಬುಕಿಂಗ್ 11 ತಿಂಗಳು ಮೊದಲೇ ತೆರೆಯುತ್ತದೆ. ಈ ಯೋಜನೆಯ ಮೂರು ಕ್ಯಾಂಪುಗಳು ಲೋಯರ್ ಸಾಬಿ, ಸತಾರಾ, ಒಲಿಫಾಂಟ್ಸ್. ಲೋಯರ್ ಸಾಬಿ, ಒಲಿಫಾಂಟ್ಸ್‌ಗಳಲ್ಲಿ ನದಿ ಕಾಣುವ ಮನೆಗಳು ಮೊದಲು ಹೋಗುತ್ತವೆ. ಮೊದಲು ರೂಮು, ಆಮೇಲೆ ವಿಮಾನದ ಟಿಕೆಟ್ಟು. ಇದನ್ನು ತಿರುಗುಮುರುಗು ಮಾಡಿದರೆ ದಿನಕ್ಕೊಂದು ಮೂಲೆಯ ಕ್ಯಾಂಪು ಸಿಕ್ಕಿ ಪೂರ್ತಿ ರಜೆ ಪೆಟ್ಟಿಗೆ ಕಟ್ಟುವುದರಲ್ಲೇ ಮುಗಿಯುತ್ತದೆ. ಬುಕ್ ಮಾಡುವಾಗ ಒಂದು ವಿಷಯ ನೋಡಿ: ‘ಹಟ್’ ಎಂದರೆ ಕೆಲವು ಕಡೆ ಬಚ್ಚಲು, ಅಡುಗೆಮನೆ ಎರಡೂ ಸಾರ್ವಜನಿಕ. ‘ಬಂಗಲೆ’ ಎಂದರೆ ಬಚ್ಚಲು ಒಳಗೇ ಇರುತ್ತದೆ, ಸಾಮಾನ್ಯವಾಗಿ ಜಗಲಿಯಲ್ಲಿ ಫ್ರಿಜ್ಜು, ಒಲೆ, ಪಾತ್ರೆ. ಸಸ್ಯಾಹಾರಿಗಳು ಒಲೆ ಇರುವುದನ್ನೇ ಹಿಡಿಯಬೇಕು. ಕ್ಯಾಂಪಿನ ಹೋಟೆಲುಗಳಲ್ಲಿ ಮಾಂಸವಿಲ್ಲದೆ ಸಿಗುವುದು ಹೆಚ್ಚಾಗಿ ಆಲೂ ಚಿಪ್ಸ್, ಪಿಜ್ಜಾ, ಸಲಾಡ್. ಎರಡನೇ ದಿನಕ್ಕೇ ನಾಲಿಗೆ ಅನ್ನ ಸಾರು ಕೇಳುತ್ತದೆ.

ರೂಮಿನ ಬಾಡಿಗೆಯ ಜೊತೆ ಪ್ರತ್ಯೇಕವಾಗಿ ದಿನಕ್ಕೆ ತಲೆಗಿಷ್ಟೆಂದು ಸಂರಕ್ಷಣಾ ಶುಲ್ಕವಿದೆ. ಇದು ಬಾಡಿಗೆಯಲ್ಲಿ ಸೇರಿಲ್ಲ. ವಿದೇಶಿಯರ ದರ ಸ್ಥಳೀಯರ ದರದ ಹಲವು ಪಟ್ಟು, ಮತ್ತು ಪ್ರತಿ ನವೆಂಬರಿನಲ್ಲಿ ಪರಿಷ್ಕರಣೆಯಾಗುತ್ತದೆ. ವರ್ಷಪೂರ್ತಿ ನಡೆಯುವ ‘ವೈಲ್ಡ್ ಕಾರ್ಡ್’ ಎಂಬ ಪಾಸಿದೆ. ಒಬ್ಬರೇ ಆದರೆ ಐದು ದಿನಕ್ಕೆ ಗಿಟ್ಟುವುದು ಅನುಮಾನ. ದಂಪತಿ, ಕುಟುಂಬದ ಕಾರ್ಡಾದರೆ ಕೂಡಿಸಿ ಕಳೆದು ನೋಡಿ.

ಕಾಗದಪತ್ರ. ಭಾರತೀಯರಿಗೆ ವೀಸಾ ಬೇಕು. ಪಾಸ್‌ಪೋರ್ಟ್ ವಾಪಸ್ ಹೊರಡುವ ದಿನದಿಂದ ಕನಿಷ್ಠ 30 ದಿನ ಚಾಲ್ತಿಯಲ್ಲಿರಬೇಕು, ಎರಡು ಪುಟ ಪೂರ್ತಿ ಖಾಲಿ ಇರಬೇಕು. ಮಕ್ಕಳಿದ್ದರೆ ಜನನ ಪ್ರಮಾಣಪತ್ರ ಕೈಚೀಲದಲ್ಲೇ ಇರಲಿ. ಅಡಿಸ್ ಅಬಾಬಾ ಇಲ್ಲವೇ ನೈರೋಬಿ ದಾರಿಯ ಟಿಕೆಟ್ಟು ಕೆಲವೊಮ್ಮೆ ಅಗ್ಗಕ್ಕೆ ಸಿಗುತ್ತದೆ, ಆದರೆ ಇಥಿಯೋಪಿಯಾ, ಕೀನ್ಯಾ ಎರಡೂ ಪೀತಜ್ವರದ ದೇಶಗಳ ಪಟ್ಟಿಯಲ್ಲಿವೆ. ಅಲ್ಲಿನ ನಿಲ್ದಾಣದಲ್ಲಿ 12 ಗಂಟೆ ಮೀರಿ ಕಾದರೆ ದಕ್ಷಿಣ ಆಫ್ರಿಕಾ ಲಸಿಕೆಯ ಹಳದಿ ಪುಸ್ತಕ ಕೇಳುತ್ತದೆ. ವಾಪಸ್ ಬರುವಾಗ ಭಾರತದ ನಿಯಮ ಬೇರೆ. ಪತ್ರ ಬೇಕಾದವರ ಬಳಿ ಅದು ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಹಾಕಿಸಿದ ಹತ್ತು ದಿನದ ಮೇಲೆಯೇ ಪತ್ರಕ್ಕೆ ಬೆಲೆ. ಕೊನೆಯ ವಾರದಲ್ಲಿ ಓಡಾಡಿ ಪ್ರಯೋಜನವಿಲ್ಲ. ಮಲೇರಿಯಾದ ಅಪಾಯ ಆಗಸ್ಟಿನಲ್ಲಿ ಕಡಿಮೆಯೇ, ಆದರೆ ಕ್ರೂಗರ್ ಮಲೇರಿಯಾ ವಲಯವೇ. ಮಾತ್ರೆ ಬೇಕೋ ಬೇಡವೋ ವೈದ್ಯರು ಹೇಳಲಿ, ಸಂಜೆ ಉದ್ದ ತೋಳಿನ ಅಂಗಿ ಮತ್ತು ಸೊಳ್ಳೆ ಮುಲಾಮು ಮಾತ್ರ ಯಾರನ್ನೂ ಕೇಳದೆ ಇಟ್ಟುಕೊಳ್ಳಬಹುದು.

ಲೈಸೆನ್ಸ್ ಇಂಗ್ಲಿಷಿನಲ್ಲಿದ್ದರೆ ನಡೆಯುತ್ತದೆ. ಆದರೂ ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಂಡರೆ ಬಾಡಿಗೆ ಕೌಂಟರಿನಲ್ಲಿ ವಾದ ತಪ್ಪುತ್ತದೆ. ಅದಕ್ಕಿಂತ ಹೆಚ್ಚು ಜನ ಸಿಕ್ಕಿಬೀಳುವುದು ಕಾರ್ಡಿನಲ್ಲಿ. ಠೇವಣಿ ತಡೆಹಿಡಿಯಲು ಕ್ರೆಡಿಟ್ ಕಾರ್ಡೇ ಬೇಕು, ಅದೂ ಕಾರು ಓಡಿಸುವವರ ಹೆಸರಿನದೇ. ಗಂಡನ ಕಾರ್ಡು, ಹೆಂಡತಿಯ ಲೈಸೆನ್ಸು ಎಂದರೆ ಹೆಚ್ಚಿನ ಕಡೆ ಒಪ್ಪುವುದಿಲ್ಲ.

ಮೊದಲ ದಿನ: ಜೋಹಾನ್ಸ್‌ಬರ್ಗ್‌ನಿಂದ ಎಂಬೊಂಬೆಲಾ

ರಾತ್ರಿಯೆಲ್ಲ ವಿಮಾನದಲ್ಲಿ ಕೂತು ಬೆಳಿಗ್ಗೆ ಇಳಿದು, ಅದೇ ದಿನ ಸಂಜೆ ಆರರೊಳಗೆ ಉದ್ಯಾನದ ಒಳಗಿರುತ್ತೇವೆ ಎಂದು ಲೆಕ್ಕ ಹಾಕುವವರು ಬಹಳ. ನಕ್ಷೆಯಲ್ಲಿ ಐದು ಗಂಟೆಯ ದಾರಿ ನಿಜ. ಆದರೆ ಇಮಿಗ್ರೇಷನ್ ಸಾಲು, ಕಾರಿನ ಕೌಂಟರು, ಸಿಮ್ಮು, ಊಟ, ದಿನಸಿ ಎಲ್ಲ ಸೇರಿ ಮಧ್ಯಾಹ್ನವಾಗುತ್ತದೆ. ಉದ್ಯಾನದ ಬಾಗಿಲಿಗೆ ಹೊತ್ತಿಗೆ ಮುಟ್ಟಿದರೂ ಸಾಲದು, ಅಲ್ಲಿಂದ ಕ್ಯಾಂಪಿಗೆ ಹೋಗುವಷ್ಟು ಸಮಯ ಉಳಿದಿರಬೇಕು, ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ. ಆದ್ದರಿಂದ ಮೊದಲ ರಾತ್ರಿ ಎಂಬೊಂಬೆಲಾದಲ್ಲಿ. ಹಳೆಯ ಹೆಸರು ನೆಲ್‌ಸ್ಪ್ರೂಟ್. ಫಲಕಗಳಲ್ಲಿ, ಜನರ ಬಾಯಲ್ಲಿ ಎರಡೂ ಕಾಣಿಸುತ್ತವೆ.

ಕಾರು ತೆಗೆದುಕೊಳ್ಳುವಾಗ ಹತ್ತು ನಿಮಿಷ ಹೆಚ್ಚು ಹೋದರೂ ಚಿಂತೆಯಿಲ್ಲ. ಸುತ್ತಲೂ ಮೊಬೈಲಿನಲ್ಲಿ ವಿಡಿಯೊ ಮಾಡಿ, ಮುಂದಿನ ಗಾಜಿನ ಸಣ್ಣ ಚುಕ್ಕೆಯೂ ಬಿಡದಂತೆ. ಡಿಕ್ಕಿ ತೆಗೆಸಿ ಸ್ಟೆಪ್ನಿ ಪೂರ್ಣ ಗಾತ್ರದ್ದೋ, ಸಣಕಲು ಚಕ್ರವೋ ನೋಡಿ. ಗಾಳಿ ಇದೆಯೇ, ಜ್ಯಾಕು, ಪಾನೆ ಇವೆಯೇ ಮುಟ್ಟಿ ನೋಡಿ. ಫೋರ್‌ವೀಲ್ ಡ್ರೈವ್ ಬೇಕಿಲ್ಲ, ಒಣಗಾಲದಲ್ಲಿ ಸಾಮಾನ್ಯ ಸೆಡಾನ್ ಈ ಯೋಜನೆಯ ಎಲ್ಲ ಮಣ್ಣುರಸ್ತೆಗೂ ಸಾಕು. ಆದರೂ ಸೀಟು ಸ್ವಲ್ಪ ಎತ್ತರವಿರುವ ಕಾರಾದರೆ ಹುಲ್ಲಿನ ಮೇಲಿಂದ ನೋಟ ಹರಿಯುತ್ತದೆ. ಆ ಅರ್ಧ ಅಡಿಗೆ ಕೊಡುವ ಹೆಚ್ಚುವರಿ ಹಣ ಪೋಲಲ್ಲ.

ವಿಮಾನ ನಿಲ್ದಾಣದಿಂದ ಎನ್12 ಹಿಡಿದು, ಎಮಲಾಹ್ಲೇನಿ ಹತ್ತಿರ ಎನ್4 ಸೇರಿದರೆ ಎಂಬೊಂಬೆಲಾ ಒಟ್ಟು ಸುಮಾರು 330 ಕಿ.ಮೀ., ನಾಲ್ಕು ಗಂಟೆ. ದಾರಿಯಲ್ಲಿ ಟೋಲ್‌ಗಳಿವೆ, ಸ್ವಲ್ಪ ನಗದು ಕೈಯಲ್ಲಿರಲಿ. ಮಿತಿ 120, ಕ್ಯಾಮೆರಾಗಳಿವೆ, ದಂಡ ಬಾಡಿಗೆ ಕಂಪನಿಯ ಮೂಲಕ ತಿಂಗಳ ಮೇಲೂ ನಿಮ್ಮ ಕಾರ್ಡಿಗೆ ಬಂದು ಬೀಳುತ್ತದೆ. ಪೆಟ್ರೋಲ್ ಬಂಕುಗಳಲ್ಲಿ ನಮ್ಮಂತೆಯೇ ಹುಡುಗರು ಹಾಕಿಕೊಡುತ್ತಾರೆ, ಗಾಜನ್ನೂ ಒರೆಸುತ್ತಾರೆ. ಐದೋ ಹತ್ತೋ ರಾಂಡ್ ಕೈಗಿಡುವುದು ವಾಡಿಕೆ. ಕತ್ತಲಾದ ಮೇಲೆ ಹೆದ್ದಾರಿಯಲ್ಲಿ ಓಡಿಸುವುದು ಬೇಡ.

ದಿನಸಿ ಎಂಬೊಂಬೆಲಾದ ಸೂಪರ್‌ಮಾರ್ಕೆಟ್ಟಿನಲ್ಲೇ ಮುಗಿಸಿ. ಕ್ಯಾಂಪಿನ ಅಂಗಡಿಗಳಲ್ಲಿ ಬ್ರೆಡ್ಡು, ಹಾಲು, ಮೊಟ್ಟೆ, ಸೌದೆ, ಐಸು ಸಿಗುತ್ತವೆ, ತರಕಾರಿ ಎಂದರೆ ಬಾಡಿದ ಟೊಮೇಟೊ, ಈರುಳ್ಳಿ. ಇಬ್ಬರಿಗೆ ಐದು ರಾತ್ರಿಗೆ ಅಕ್ಕಿ 2 ಕಿಲೋ, ಬೇಳೆ ಅರ್ಧ ಕಿಲೋ, ಮೊಸರು, ಈರುಳ್ಳಿ, ಆಲೂಗಡ್ಡೆ, ಎಲೆಕೋಸು, ಬಾಳೆಹಣ್ಣು, 5 ಲೀಟರಿನ ಎರಡು ನೀರಿನ ಕ್ಯಾನು. ಊರಿಂದ ತರಬೇಕಾದದ್ದು ಸಾರಿನ ಪುಡಿ, ಚಟ್ನಿಪುಡಿ, ಒಗ್ಗರಣೆ ಹಾಕಿ ಹುರಿದ ಅವಲಕ್ಕಿ, ಒಂದು ಸಣ್ಣ ಕುಕ್ಕರು. ಜೇನು, ಹಾಲಿನ ಪದಾರ್ಥ, ಬಿತ್ತನೆಗೆ ಬರುವಂಥ ಕಾಳು, ಹಸಿ ಹಣ್ಣು ತರಕಾರಿ ತರಬೇಡಿ, ನಿಲ್ದಾಣದಲ್ಲೇ ತೆಗೆದಿಡುತ್ತಾರೆ.

ಅಕ್ಕಿ 2 ಕಿಲೋ ಸಾಲದು, ಇನ್ನೂ 2 ಕಿಲೋ ಬೇಕು. ಅದು ಊಟಕ್ಕಲ್ಲ. ಉದ್ದ ಲೆನ್ಸಿನ ಕ್ಯಾಮೆರಾ ಇರುವವರು ಊರಲ್ಲೇ ದಪ್ಪ ಬಟ್ಟೆಯ, ಜಿಪ್ ಇರುವ ಒಂದು ಚೀಲ ಹೊಲಿಸಿ ಖಾಲಿ ತಂದು, ಇಲ್ಲಿ ಅಕ್ಕಿ ತುಂಬಿ ಕಾರಿನ ಬಾಗಿಲ ಮೇಲೆ ಹಾಕಿಕೊಂಡರೆ ಲೆನ್ಸು ಅದರಲ್ಲಿ ಹೂತು ಕೂರುತ್ತದೆ. ಟ್ರೈಪಾಡು ಕಾರಿನೊಳಗೆ ದಂಡ. ಪೂರ್ತಿ ಬಿಗಿಯಾಗಿ ತುಂಬಬೇಡಿ, ಮುಕ್ಕಾಲು ಚೀಲ ತುಂಬಿದರೆ ಗಾಜಿನ ಅಂಚನ್ನು ಎರಡೂ ಕಡೆಯಿಂದ ಅಪ್ಪಿಕೊಳ್ಳುತ್ತದೆ. ಕ್ಯಾಮೆರಾ ಇಲ್ಲದವರಿಗೆ 8×42 ದುರ್ಬೀನು ಸಾಕು, ಆದರೆ ತಲೆಗೊಂದು. ಒಂದೇ ದುರ್ಬೀನಿಗೆ ಇಬ್ಬರು ಕೈಚಾಚಿದಾಗಲೇ ಚಿರತೆ ಮರ ಇಳಿದು ಹೋಗುವುದು.

ಎರಡನೇ ದಿನ: ಕ್ರೊಕೊಡೈಲ್ ಬ್ರಿಜ್ ಬಾಗಿಲು, ಲೋಯರ್ ಸಾಬಿ

ಎಂಬೊಂಬೆಲಾದಿಂದ ಎನ್4ರಲ್ಲೇ ಪೂರ್ವಕ್ಕೆ ಒಂದೂವರೆ ಗಂಟೆ. ಬಾಗಿಲಲ್ಲಿ ಪಾಸ್‌ಪೋರ್ಟು, ಬುಕಿಂಗ್ ಪತ್ರ ತೋರಿಸಿ, ಶುಲ್ಕ ಕಟ್ಟಿ ಪರವಾನಗಿ ಚೀಟಿ ತೆಗೆದುಕೊಳ್ಳುತ್ತೀರಿ. ಅದನ್ನು ಹೊರಗೆ ಹೋಗುವ ದಿನದವರೆಗೆ ಕಾಪಾಡಬೇಕು. ತುರ್ತು ಫೋನ್ ಸಂಖ್ಯೆಯನ್ನು ಬಾಗಿಲಲ್ಲೇ ಬರೆದುಕೊಳ್ಳಿ, ಮೊಬೈಲ್ ಸಿಗ್ನಲ್ಲು ಕ್ಯಾಂಪುಗಳ ಸುತ್ತ ಬಿಟ್ಟರೆ ಬಂದರೆ ಬಂತು. ಬಣ್ಣದ ನಕ್ಷೆಯ ಪುಸ್ತಕವೊಂದು ಅಂಗಡಿಯಲ್ಲಿ ಸಿಗುತ್ತದೆ, ಕೊಳ್ಳಿ. ಡಾಂಬರು ರಸ್ತೆಗಳಿಗೆ ‘ಎಚ್’, ಹೆಚ್ಚಿನ ಮಣ್ಣುರಸ್ತೆಗಳಿಗೆ ‘ಎಸ್’ ಎಂದು ಸಂಖ್ಯೆ. ಕೂಡುರಸ್ತೆಗಳಲ್ಲಿ ಕಲ್ಲಿನ ಗೂಟದ ಮೇಲೆ ಅದೇ ಸಂಖ್ಯೆ.

ನಿಯಮ ಸರಳ. ಗುರುತು ಹಾಕಿದ ಜಾಗ ಬಿಟ್ಟು ಎಲ್ಲೂ ಕಾರಿಂದ ಇಳಿಯುವಂತಿಲ್ಲ, ಕೈ ತಲೆ ಹೊರಗೆ ಚಾಚುವಂತಿಲ್ಲ, ಸನ್‌ರೂಫಿನಿಂದ ನಿಲ್ಲುವಂತಿಲ್ಲ. ಪ್ರಾಣಿಗಳಿಗೆ ಕಾರು ಒಂದು ದೊಡ್ಡ, ನಿರುಪದ್ರವಿ ಆಕಾರ. ಆ ಆಕಾರ ಒಡೆದು ಅದರಿಂದ ಮನುಷ್ಯನ ಮೈ ಹೊರಬಂದ ಕ್ಷಣ ಅದೇ ಸಿಂಹ ಬೇರೆ ಕಣ್ಣಿಂದ ನೋಡುತ್ತದೆ. ಚಕ್ರ ಪಂಕ್ಚರ್ ಆದರೂ ಇದೇ ಮಾತು. ಡಾಂಬರು ರಸ್ತೆಯಲ್ಲಿ ಹತ್ತು ನಿಮಿಷಕ್ಕೊಂದು ಕಾರು ಬರುತ್ತದೆ, ನಿಲ್ಲಿಸಿ ಹೇಳಿ ಕಳಿಸಬಹುದು, ಇಲ್ಲವೇ ಸಿಗ್ನಲ್ ಇದ್ದರೆ ತುರ್ತು ಸಂಖ್ಯೆಗೆ ಫೋನು.

ಲೋಯರ್ ಸಾಬಿಗೆ ನೇರ ಡಾಂಬರು ಎಚ್4-2ರಲ್ಲಿ 34 ಕಿ.ಮೀ. ಅದಕ್ಕೆ ಸಮಾನಾಂತರವಾಗಿ ಪೂರ್ವಕ್ಕೆ ಎಸ್28 ಎಂಬ ಮಣ್ಣುರಸ್ತೆ. ಹೊತ್ತಿದ್ದರೆ ಎಸ್28 ಹಿಡಿಯಿರಿ. ಇಲ್ಲಿ ಕ್ರೂಗರ್‌ನ ನೆಲದ ಗುಟ್ಟು ಗೊತ್ತಿದ್ದರೆ ಮುಂದಿನ ಎಲ್ಲ ದಿನಕ್ಕೂ ಉಪಯೋಗ. ಉದ್ಯಾನದ ಪಶ್ಚಿಮಾರ್ಧ ಗ್ರಾನೈಟು: ಮರಳು ಮಣ್ಣು, ಏರಿಳಿತ, ಪೊದೆ ಹೆಚ್ಚು. ಪೂರ್ವಾರ್ಧ ಬಸಾಲ್ಟು: ನಮ್ಮ ಉತ್ತರ ಕರ್ನಾಟಕದ ಎರೆಭೂಮಿಯ ಹಾಗೆ ಕಪ್ಪು ಜಿಗುಟು ಮಣ್ಣು, ಸಮತಟ್ಟು, ಹುಲ್ಲು ಸಿಹಿ. ಹುಲ್ಲು ಸಿಹಿಯಿದ್ದಲ್ಲಿ ಜೀಬ್ರಾ, ವೈಲ್ಡ್‌ಬೀಸ್ಟ್, ಅವಿದ್ದಲ್ಲಿ ಸಿಂಹ. ಬಯಲಿನ ನೋಟ ಬೇಕಾದ ಚೀತಾವೂ ಇಂಥಲ್ಲೇ. ಎಸ್28 ಈ ಪೂರ್ವದ ಬಯಲಲ್ಲಿದೆ.

ಮೊದಲ ಒಂದು ಗಂಟೆ ಜಿಂಕೆಯಂಥ ಪ್ರತಿ ಇಂಪಾಲಕ್ಕೂ ನಿಲ್ಲುತ್ತೀರಿ, ನಿಲ್ಲಿ. ಕಣ್ಣು ಪಳಗುವುದು ಹಾಗೆಯೇ. 25-30ರ ವೇಗದಲ್ಲಿ ಓಡಿಸುವವರು ರಸ್ತೆ ಮತ್ತು ಬಲಗಡೆ, ಪಕ್ಕದವರು ಎಡಗಡೆ ಎಂದು ಹಂಚಿಕೊಳ್ಳಿ. ಪೊದೆಯನ್ನು ನೋಡಬಾರದು, ಪೊದೆಯ ಒಳಗಿನ ಸಂದಿಯನ್ನು ನೋಡಬೇಕು. ಕಾಡಿನಲ್ಲಿ ಗೆರೆಗಳು ಹೆಚ್ಚಾಗಿ ನೆಟ್ಟಗೆ ಮೇಲಕ್ಕೆ. ಅಡ್ಡಗೆರೆ ಕಂಡರೆ ಅದು ಬೆನ್ನಾಗಿರಬಹುದು. ಅಲುಗುವ ಕಿವಿ, ಬಾಲದ ತುದಿ. ಖಡ್ಗಮೃಗ ಮಲಗಿದ್ದರೆ ಥೇಟ್ ಬೂದುಬಂಡೆ. ಕಂಡರೆ ಸಂತೋಷಪಡಿ, ಜಾಗದ ಹೆಸರು ಹಾಕಿ ಫೋಟೊ ಮಾತ್ರ ಎಲ್ಲೂ ಹಂಚಬೇಡಿ. ಕೊಂಬಿನ ಕಳ್ಳಬೇಟೆಯವರೂ ಅದನ್ನೇ ಹುಡುಕುವುದು. ಕೊಂಬು ಮೊಟಕಾಗಿ ಕತ್ತರಿಸಿರುವುದು ಕಂಡರೆ ಗಾಬರಿ ಬೇಡ, ಬೇಟೆ ತಪ್ಪಿಸಲು ಉದ್ಯಾನದವರೇ ಅರಿವಳಿಕೆ ಕೊಟ್ಟು ಕತ್ತರಿಸಿರುತ್ತಾರೆ.

ಕ್ಯಾಂಪಿನಲ್ಲಿ ರೂಮು ಕೈಗೆ ಸಿಗುವುದು ಮಧ್ಯಾಹ್ನ ಎರಡಕ್ಕೆ. ಅಷ್ಟರೊಳಗೆ ಬಂದರೆ ಸಾಬಿ ನದಿಯ ಮೇಲಿನ ಮರದ ಅಟ್ಟಣಿಗೆಯಲ್ಲಿ ಕಾಫಿ ಹಿಡಿದು ಕೂತರಾಯಿತು. ನೀರಾನೆ, ಮೊಸಳೆ, ನೀರು ಕುಡಿಯಲು ಬರುವ ಆನೆ ಎಲ್ಲ ಅಲ್ಲಿಂದಲೇ. ನಾಲ್ಕಕ್ಕೆ ಎದ್ದು ಕ್ಯಾಂಪಿನ ಪಕ್ಕದ ಸನ್‌ಸೆಟ್ ಡ್ಯಾಮಿಗೆ ಹೋಗಿ. ಡಾಂಬರು ರಸ್ತೆಯ ಬದಿಗೇ ಇರುವ ಕೆರೆ, ಕಾರಿನ ಬಾಗಿಲಿನಿಂದ ಕೆಲವೇ ಮಾರು ದೂರದಲ್ಲಿ ಮೊಸಳೆ ಬಾಯಿ ತೆರೆದು ಮಲಗಿರುತ್ತದೆ. ಆಗಸ್ಟಿನಲ್ಲಿ ಬಾಗಿಲು ಬೆಳಿಗ್ಗೆ ಆರಕ್ಕೆ ತೆರೆದು ಸಂಜೆ ಆರಕ್ಕೆ ಮುಚ್ಚುತ್ತದೆ. ಮೇ, ಜೂನ್, ಜುಲೈನಲ್ಲಿ ಐದೂವರೆಗೇ ಮುಚ್ಚುತ್ತದೆ. ತಡವಾದರೆ ದಂಡ. ಆನೆ ಅಡ್ಡ ನಿಂತಿತ್ತು ಎಂಬ ಕಾರಣ ಬಾಗಿಲ ಕಾವಲಿನವರು ದಿನಕ್ಕೆ ಹತ್ತು ಸಲ ಕೇಳಿರುತ್ತಾರೆ.

ಜಗಲಿಯ ಫ್ರಿಜ್ಜಿಗೆ ಚಿಲಕ, ಕೊಕ್ಕೆ ಏಕಿದೆ ಎಂದು ರಾತ್ರಿ ತಿಳಿಯದಿದ್ದರೆ ಬೆಳಿಗ್ಗೆ ತಿಳಿಯುತ್ತದೆ. ವರ್ವೆಟ್ ಕೋತಿ, ಬಬೂನ್ ಎರಡಕ್ಕೂ ಫ್ರಿಜ್ಜಿನ ಬಾಗಿಲು ಎಳೆಯಲು ಬರುತ್ತದೆ. ಬಾಳೆಹಣ್ಣನ್ನು ಕೋಣೆಯೊಳಗಿಟ್ಟು ಕಿಟಕಿ ಹಾಕಿಕೊಳ್ಳಿ. ಚಾಮುಂಡಿ ಬೆಟ್ಟದ ಕೋತಿಗೆ ಹೆದರದವರೂ ಗಂಡು ಬಬೂನಿನ ಕೋರೆಹಲ್ಲು ನೋಡಿದರೆ ಚೀಲ ಬಿಟ್ಟು ಸರಿಯುತ್ತಾರೆ.

ಮೂರನೇ ದಿನ: ನದಿಯ ಜೊತೆ

ಆರು ಗಂಟೆಗೆ ಬಾಗಿಲು ತೆರೆಯುವಾಗ ನಿಮ್ಮ ಕಾರು ಸಾಲಿನ ಮೊದಲ ಐದರಲ್ಲಿರಲಿ, ಅಂದರೆ ಐದೂಮುಕ್ಕಾಲಿಗೆ. ರಾತ್ರಿಯ ಬೆಚ್ಚಗಿನ ಡಾಂಬರಿನ ಮೇಲೆ ಮಲಗಿದ ಸಿಂಹ, ಮರಿಗಳ ಜೊತೆ ಮೋರಿಯ ಬಾಯಲ್ಲಿ ಕೂತ ಕತ್ತೆಕಿರುಬ ಸಿಗುವುದು ಮೊದಲ ಮುಕ್ಕಾಲು ಗಂಟೆಯಲ್ಲಿ.

ಲೋಯರ್ ಸಾಬಿಯಿಂದ ಸ್ಕುಕುಝಾಕ್ಕೆ ಎಚ್4-1, 46 ಕಿ.ಮೀ., ಸಾಬಿ ನದಿಯ ದಡದಲ್ಲೇ. ನದಿಬದಿಯ ದೊಡ್ಡ ಮರಗಳಿರುವುದರಿಂದ ಚಿರತೆ ಸಿಗುವ ದಾರಿಯೆಂದು ಹೆಸರಾಗಿದೆ, ಅದಕ್ಕೇ ಕಾರುಗಳೂ ಹೆಚ್ಚು. ಮೂರು ಗಂಟೆ ಇಟ್ಟುಕೊಳ್ಳಿ. ಅಡ್ಡಕೊಂಬೆಗಳನ್ನು ನೋಡುತ್ತ ಹೋಗಿ. ಚಿರತೆ ಕಾಣುವ ಮೊದಲು ಜೋತುಬಿದ್ದ ಬಾಲವೋ, ಕೊಂಬೆಯ ಕವಲಲ್ಲಿ ಸಿಕ್ಕಿಸಿದ ಇಂಪಾಲದ ಕಾಲೋ ಕಾಣುತ್ತದೆ. ಬಂಡೀಪುರದಲ್ಲಿ ಮುಸುವ ಕೆಮ್ಮಿದರೆ, ಚುಕ್ಕೆಜಿಂಕೆ ಕೂಗಿದರೆ ಕಿವಿ ನಿಮಿರಿಸುವ ಅಭ್ಯಾಸ ಇಲ್ಲೂ ನಡೆಯುತ್ತದೆ, ಪಾತ್ರಧಾರಿಗಳು ಮಾತ್ರ ಬೇರೆ. ಇಂಪಾಲ ಮೂಗಿನಿಂದ ಸೀನಿದಂತೆ ಸದ್ದು ಮಾಡುತ್ತದೆ, ಕುಡು ಎಂಬ ದೊಡ್ಡ ಹುಲ್ಲೆ ನಾಯಿಯಂತೆ ಬೊಗಳುತ್ತದೆ. ಜಿರಾಫೆ ಸದ್ದಿಲ್ಲದೆ ಒಂದೇ ದಿಕ್ಕು ದಿಟ್ಟಿಸಿ ನಿಂತುಬಿಡುತ್ತದೆ. ಮೂರು ಜಿರಾಫೆ ಒಂದೇ ಕಡೆ ನೋಡುತ್ತಿದ್ದರೆ ನೀವೂ ಎಂಜಿನ್ ಆರಿಸಿ ಅತ್ತಲೇ ನೋಡಿ.

ನಡುದಾರಿಯಲ್ಲಿ ಎನ್‌ಕುಹ್ಲು ಪಿಕ್ನಿಕ್ ತಾಣ, ಶೌಚಾಲಯ, ತಿಂಡಿ. ಸ್ಕುಕುಝಾ ಉದ್ಯಾನದ ರಾಜಧಾನಿಯಿದ್ದಂತೆ: ಆಫೀಸು, ಅಂಗಡಿ, ಬಂಕು, ಗದ್ದಲ. ಹೆಸರಿನ ಕಥೆ ಕೇಳುವಂಥದ್ದು. 1898ರಲ್ಲಿ ಪಾಲ್ ಕ್ರೂಗರ್ ಸರ್ಕಾರ ಘೋಷಿಸಿದ ಸಾಬಿ ಅಭಯಾರಣ್ಯಕ್ಕೆ 1902ರಲ್ಲಿ ವಾರ್ಡನ್ ಆಗಿ ಬಂದ ಜೇಮ್ಸ್ ಸ್ಟೀವನ್ಸನ್-ಹ್ಯಾಮಿಲ್ಟನ್‌ಗೆ ಸ್ಥಳೀಯರು ಇಟ್ಟ ಅಡ್ಡಹೆಸರದು, ‘ಗುಡಿಸಿ ಹಾಕಿದವನು’ ಎಂಬ ಅರ್ಥದಲ್ಲಿ. ಅವನು ಗುಡಿಸಿದ್ದು ಬೇಟೆಗಾರರನ್ನು ಮಾತ್ರವಲ್ಲ, ಅಲ್ಲಿ ನೆಲೆಸಿದ್ದ ಜನರನ್ನೂ. 1926ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 1927ರಲ್ಲಿ ಮೊದಲ ಪ್ರವಾಸಿ ಕಾರುಗಳು ಬಂದವು. ಉತ್ತರ ತುದಿಯ ಮಕುಲೆಕೆ ಜನರನ್ನು 1969ರಲ್ಲಿ ಎಬ್ಬಿಸಲಾಯಿತು, 1998ರಲ್ಲಿ ಅವರಿಗೆ ಭೂಮಿಯ ಹಕ್ಕು ಮರಳಿತು. ನಾಗರಹೊಳೆಯ ಹಾಡಿಗಳ ಕಥೆ ಗೊತ್ತಿರುವವರಿಗೆ ಇದು ಹೊಸ ಕಥೆಯಲ್ಲ.

ಸ್ಕುಕುಝಾ ಹತ್ತಿರ ಲೇಕ್ ಪ್ಯಾನಿಕ್ ಎಂಬ, ಹಕ್ಕಿ ನೋಡುವ ಮರೆಮನೆಯಿದೆ. ಮಧ್ಯಾಹ್ನ ಹನ್ನೊಂದರಿಂದ ಎರಡರವರೆಗೆ ರಸ್ತೆಯಲ್ಲಿ ತಿರುಗಿ ಪೆಟ್ರೋಲ್ ಸುಡುವುದಕ್ಕಿಂತ ಅದರ ಬೆಂಚಿನ ಮೇಲೆ ಮಾತಿಲ್ಲದೆ ಕೂರುವುದು ಲಾಭ. ಮಿಂಚುಳ್ಳಿಗಳು, ಬಕಗಳು ಎದುರಿಗೇ. ಮರಳುವಾಗ ಅದೇ ಎಚ್4-1. ಬೆಳಿಗ್ಗೆ ನೋಡಿದ ದಾರಿ ಎಂದು ಬೇಸರ ಬೇಡ, ಸಂಜೆಯ ಬೆಳಕಲ್ಲಿ ಬೇರೆಯೇ ಪ್ರಾಣಿಗಳು ದಡಕ್ಕಿಳಿದಿರುತ್ತವೆ.

ಈ ಸಂಜೆಗೆ ಕ್ಯಾಂಪಿನವರದೇ ಸನ್‌ಸೆಟ್ ಡ್ರೈವ್ ಮೊದಲೇ ಬುಕ್ ಮಾಡಿಟ್ಟಿದ್ದರೆ ಒಳ್ಳೆಯದು. ಬಾಗಿಲು ಮುಚ್ಚಿದ ಮೇಲೂ ಹೊರಗಿರಲು ಇರುವ ದಾರಿ ಕ್ಯಾಂಪಿನವರ ಇಂಥ ಡ್ರೈವ್‌ಗಳೇ. ತೆರೆದ ಲಾರಿ, ಸುಮಾರು ಮೂರು ಗಂಟೆ, ಕೈದೀಪದ ಬೆಳಕು. ಪುನುಗುಬೆಕ್ಕು, ಬೆಕ್ಕಿನಂಥ ಜೆನೆಟ್, ನಮ್ಮ ಕಾಡುಪಾಪದ ದೂರದ ನೆಂಟ ಬುಶ್‌ಬೇಬಿ ಸಿಗುವುದು ಆಗಲೇ. ಆಗಸ್ಟಿನ ಹಗಲು ಬಿಸಿಲೆಂದು ಟೀ ಶರ್ಟಿನಲ್ಲಿ ಹತ್ತಿದವರು ವಾಪಸ್ ಬರುವಾಗ ಹಲ್ಲು ಕಟಕಟಿಸುತ್ತ ಇಳಿಯುತ್ತಾರೆ. ಸ್ವೆಟರು, ಅದರ ಮೇಲೆ ಗಾಳಿ ತಡೆಯುವ ಜಾಕೆಟ್ಟು, ಕಿವಿ ಮುಚ್ಚುವ ಟೋಪಿ.

ನಾಲ್ಕನೇ ದಿನ: ಸತಾರಾ ಕಡೆಗೆ

ಪೆಟ್ಟಿಗೆ ರಾತ್ರಿಯೇ ಕಾರಿಗೆ. ಲೋಯರ್ ಸಾಬಿಯಲ್ಲಿ ಟ್ಯಾಂಕು ತುಂಬಿಸಿ, ಎಚ್10 ಹಿಡಿದು ತ್ಶೊಕ್ವಾನೆ ಪಿಕ್ನಿಕ್ ತಾಣ, ಅಲ್ಲಿಂದ ಎಚ್1-3ರಲ್ಲಿ ಸತಾರಾ. ಒಟ್ಟು ಸುಮಾರು 95 ಕಿ.ಮೀ. ಇಪ್ಪತ್ತೈದರ ಲೆಕ್ಕದಲ್ಲಿ ನಾಲ್ಕು ಗಂಟೆ, ನಿಲ್ದಾಣಗಳು ಸೇರಿ ಆರು. ಎನ್‌ಕುಂಬೆ ಎಂಬ ಎತ್ತರದ ಜಾಗದಲ್ಲಿ ಕಾರಿಂದ ಇಳಿಯಬಹುದು, ಕೆಳಗೆ ಕಣ್ಣು ಹಾಯುವಷ್ಟು ಬಯಲು, ಅದರಲ್ಲಿ ಇರುವೆ ಸಾಲಿನಂತೆ ಕಾಡೆಮ್ಮೆಗಳು.

ಈ ದಾರಿಯಲ್ಲಿ ಆನೆ ಖಂಡಿತ, ಆದ್ದರಿಂದ ಆನೆಯ ಮಾತು ಇಲ್ಲೇ ಆಗಲಿ. ನಮ್ಮ ಆನೆ ನೋಡಿ ಕಲಿತ ಒಂದು ಪಾಠ ಇಲ್ಲಿ ಮೋಸ ಮಾಡುತ್ತದೆ. ನಮ್ಮಲ್ಲಿ ಕಣ್ಣಿನ ಹಿಂದೆ ನೀರು ಸುರಿದಿದ್ದರೆ ಗಂಡಾನೆಗೆ ಮದ ಬಂದಿದೆ ಎನ್ನುತ್ತೇವೆ. ಆಫ್ರಿಕಾದ ಆನೆಯಲ್ಲಿ ಹೆಣ್ಣಿಗೂ ಮರಿಗೂ ಗಾಬರಿಯಾದರೆ ಸಾಕು, ಕಪೋಲದಲ್ಲಿ ನೀರಿಳಿಯುತ್ತದೆ. ಮದವೆಂದು ತಿಳಿಯಲು ಹಿಂಗಾಲು ನೋಡಬೇಕು: ಮೂತ್ರ ತೊಟ್ಟಿಕ್ಕುತ್ತ ತೊಡೆಯ ಒಳಭಾಗ ಕಪ್ಪಗೆ ಒದ್ದೆಯಾಗಿರುತ್ತದೆ, ಕಪೋಲ ಊದಿರುತ್ತದೆ, ತಲೆ ಎತ್ತಿ ಗಲ್ಲ ಒಳಗೆಳೆದು ಯಾವ ಅವಸರವೂ ಇಲ್ಲದೆ ರಸ್ತೆಯ ನಡುವೆಯೇ ನಡೆದುಬರುತ್ತದೆ. ಅಂಥದ್ದು ಎದುರು ಬಂದರೆ ವಾದವಿಲ್ಲ, ಹಿಂದಕ್ಕೆ ತೆಗೆಯಿರಿ. ಅದು ನಡೆದಷ್ಟೂ ನೀವು ಹಿಂದೆ. ಪಕ್ಕದ ಕಾಡಿಗೆ ಅದು ತಿರುಗುವವರೆಗೆ ಒಂದು ಕಿಲೋಮೀಟರ್ ಹಿಂದೆ ಹೋಗಬೇಕಾಗಿ ಬಂದರೂ ಸರಿ. ಹಾರ್ನ್ ಬೇಡ, ಎಂಜಿನ್ ಗುರ್ರೆನಿಸುವುದು ಬೇಡ. ಹಿಂದೆ ಕಾರುಗಳು ಅಂಟಿಕೊಂಡು ನಿಂತಾಗಲೇ ಅನಾಹುತ; ಆದ್ದರಿಂದ ಮುಂದಿನ ಕಾರಿನ ಹಿಂದೆ ಯಾವಾಗಲೂ ಹಿಂದೆಗೆಯುವಷ್ಟು ಜಾಗ ಬಿಟ್ಟು ನಿಲ್ಲಿ.

ಹಿಂಡು ದಾಟುವಾಗ ತಪ್ಪಾಗುವುದು ಕೊನೆಯಲ್ಲಿ. ಹನ್ನೆರಡು ಆನೆ ದಾಟಿದವು, ರಸ್ತೆ ಖಾಲಿಯಾಯಿತು ಎಂದು ಹೊರಟರೆ ಹದಿಮೂರನೆಯದು ಮರಿಯ ಜೊತೆ ಎಡಗಡೆ ಪೊದೆಯಲ್ಲೇ ಇರುತ್ತದೆ, ಈಗ ನೀವು ಹಿಂಡಿಗೂ ಅದಕ್ಕೂ ನಡುವೆ. ಖಾಲಿಯಾದ ಮೇಲೆ ಇನ್ನೂ ಎರಡು ನಿಮಿಷ ಕಾಯಿರಿ. ಆನೆ ಹತ್ತಿರವಿದ್ದಾಗ ಎಂಜಿನ್ ಆರಿಸಬೇಡಿ. ಸಿಂಹದ ಹತ್ತಿರ ಆರಿಸಿ.

ತ್ಶೊಕ್ವಾನೆ ದಾಟಿ ಸತಾರಾ ಕಡೆ ಹೋಗುವಾಗ ‘ದಕ್ಷಿಣದ ಕಟ್ಟಕಡೆಯ ಬಾವೊಬಾಬ್’ ಎಂಬ ಫಲಕ ಸಿಗುತ್ತದೆ, ಸಣ್ಣ ಕವಲು. ಬಾವೊಬಾಬ್ ಎಂದರೆ ಹಾವೇರಿ ಜಿಲ್ಲೆಯ ಸವಣೂರಿನವರಿಗೆ ಗೊತ್ತು: ಅಲ್ಲಿನ ಮಠದ ದೊಡ್ಡಹುಣಸೆ ಮರಗಳು ಇದೇ ಜಾತಿ, ಎಂದೋ ಈ ಖಂಡದಿಂದ ಬಂದವು. ಗಾತ್ರದಲ್ಲಿ ಸವಣೂರಿನವೇ ಗೆಲ್ಲುತ್ತವೆ. ಕ್ರೂಗರ್‌ನ ಈ ಮರ ನಿಂತ ಜಾಗದಿಂದಷ್ಟೇ ಪ್ರಸಿದ್ಧ.

ಐದನೇ ದಿನ: ಎಸ್100

ಸತಾರಾ ಎಂಬ ಹೆಸರು ಮಹಾರಾಷ್ಟ್ರದ್ದಲ್ಲ. ಹಿಂದೆ ಇಲ್ಲಿ ಜಮೀನು ಅಳೆಯುವಾಗ ಹದಿನೇಳನೇ ತುಂಡಿಗೆ ಸರ್ವೆಯ ಭಾರತೀಯ ಸಹಾಯಕನೊಬ್ಬ ‘ಸತ್ರಹ್’ ಎಂದು ಗುರುತು ಹಾಕಿದ, ಅದೇ ಸತಾರಾ ಆಯಿತು ಎಂಬ ಮಾತಿದೆ.

ಇಲ್ಲಿಗೆ ಬರುವುದು ಸಿಂಹಕ್ಕೆ. ಬಾಗಿಲಿಂದ ಸ್ವಲ್ಪ ಉತ್ತರಕ್ಕೆ ಹೋಗಿ ಬಲಕ್ಕೆ ತಿರುಗಿದರೆ ಎಸ್100, ಎನ್‌ವಾನೆಟ್ಸಿ ಹಳ್ಳದ ಬದಿಯ ಮಣ್ಣುರಸ್ತೆ, 19 ಕಿ.ಮೀ. ತುದಿಯಲ್ಲಿ ಎಸ್41ಕ್ಕೆ ಬಲಕ್ಕೆ ತಿರುಗಿ, ಎಚ್6ರಲ್ಲಿ ಪಶ್ಚಿಮಕ್ಕೆ ಬಂದರೆ ಸುಮಾರು 50 ಕಿ.ಮೀ. ಸುತ್ತು. ಮಣ್ಣುರಸ್ತೆಯಲ್ಲಿ ಮುಂದಿನ ಕಾರಿನ ಧೂಳು ತಿನ್ನದಷ್ಟು ಅಂತರವಿರಲಿ. ಒಣ ಜಲ್ಲಿಯ ಮೇಲೆ ಗಕ್ಕನೆ ಬ್ರೇಕ್ ಹಾಕಿದರೆ ಕಾರು ಜಾರುತ್ತದೆ. 40 ಅಲ್ಲಿ ಸುಮ್ಮನೆ ಬರೆದದ್ದಲ್ಲ.

ಸಿಂಹ ಸಿಕ್ಕ ಜಾಗ ದೂರದಿಂದಲೇ ತಿಳಿಯುತ್ತದೆ, ಕಾರುಗಳ ಗುಂಪಿನಿಂದ. ಸೇರುವಾಗ ಎದುರು ಸಾಲನ್ನು ಖಾಲಿ ಬಿಡಿ, ಇನ್ನೊಬ್ಬರ ಗಾಜಿಗೆ ಅಡ್ಡ ಬರಬೇಡಿ, ಎಂಜಿನ್ ಆರಿಸಿ. ಆರಿಸದಿದ್ದರೆ ಅದರ ನಡುಕಕ್ಕೆ ಫೋಟೊ ಮಬ್ಬು. ಮಲಗಿದ ಸಿಂಹ ದಿನಕ್ಕೆ ಇಪ್ಪತ್ತು ಗಂಟೆಯವರೆಗೂ ಮಲಗುವ ಪ್ರಾಣಿ. ಬಿಸಿಲೇರಿದ ಮೇಲೆ ಸಿಕ್ಕದ್ದು ಏಳುತ್ತದೆಂದು ಕಾಯುವುದು ವ್ಯರ್ಥ. ಅದೇ ಜಾಗಕ್ಕೆ ಸಂಜೆ ನಾಲ್ಕೂವರೆಗೆ ವಾಪಸ್ ಬನ್ನಿ, ಹೆಚ್ಚಾಗಿ ನೂರು ಮೀಟರಿನೊಳಗೇ ಇರುತ್ತದೆ. ಆಗ ಒಂದು ಏಳುತ್ತದೆ, ಮುಂಗಾಲು ಚಾಚಿ ಬೆನ್ನು ಬಗ್ಗಿಸುತ್ತದೆ, ಆಕಳಿಸುತ್ತದೆ. ಎರಡನೆಯದು ಆಕಳಿಸುತ್ತದೆ. ಮೂರು ನಾಲ್ಕು ಆಕಳಿಕೆಯಾಯಿತೆಂದರೆ ಹಿಂಡು ಹೊರಡುತ್ತದೆ. ಕ್ಯಾಮೆರಾ ಎತ್ತಿಕೊಳ್ಳುವ ಹೊತ್ತು ಅದೇ.

ಕ್ಯಾಂಪಿನ ಸ್ವಾಗತ ಕಟ್ಟಡದಲ್ಲಿ ನಕ್ಷೆಯ ಮೇಲೆ ಬಣ್ಣದ ಗುಂಡಿ ಅಂಟಿಸಿ, ಯಾರಿಗೆ ಏನು ಎಲ್ಲಿ ಕಂಡಿತೆಂದು ಗುರುತು ಮಾಡುವ ಹಲಗೆಯಿದೆ. ಸಿಂಹ, ಕತ್ತೆಕಿರುಬದ ಗುರುತು ನಂಬಬಹುದು, ಅವು ತಮ್ಮ ಜಾಗ ಬಿಡುವುದಿಲ್ಲ. ಕಾಡುನಾಯಿಯ ಗುರುತು ಹಿಂಬಾಲಿಸುವುದು ಗಾಳಿ ಹಿಡಿಯಲು ಹೋದಂತೆ. ನಿನ್ನೆ ಇಲ್ಲಿದ್ದದ್ದು ಇಂದು ಎಲ್ಲೋ. ಹಲಗೆ ಓದುವಾಗ ಒಂದು ಎಚ್ಚರ: ‘ಲೆಪರ್ಡ್’ ಚಿರತೆ, ‘ಚೀಟಾ’ ಬೇರೆ. ನಮ್ಮ ಪತ್ರಿಕೆಗಳಲ್ಲಿ ಎರಡನ್ನೂ ಚಿರತೆ ಎಂದು ಬರೆದು ಗೊಂದಲವಾಗಿದೆ.

ಬೆಳಗಿನ ಕಾಲ್ನಡಿಗೆಯೂ ಇದೆ: ಬಂದೂಕು ಹಿಡಿದ ಇಬ್ಬರು ಮಾರ್ಗದರ್ಶಕರು, ಹೆಚ್ಚೆಂದರೆ ಎಂಟು ಜನ, ವಯಸ್ಸು 12ರಿಂದ 65. ಆದರೆ ಅದಕ್ಕೆ ಹೋದರೆ ಎಸ್100ರ ಬೆಳಗು ಹೋಯಿತು. ಸತಾರಾದಲ್ಲಿ ಎರಡೇ ರಾತ್ರಿ ಇರುವವರು ನಡಿಗೆ ಬಿಡುವುದೇ ಮೇಲು.

ರಾತ್ರಿ ಊಟದ ಪಾತ್ರೆ ಹೊರಗೆ ಬಿಡಬೇಡಿ. ಇಲ್ಲಿ ಕಸದ ಡಬ್ಬಿ ಉರುಳಿಸುವುದರಲ್ಲಿ ತರಕರಡಿ ನಿಪುಣ. ನಮ್ಮ ಕಾವೇರಿ ವನ್ಯಧಾಮದಲ್ಲೂ ಅದು ಇದೆ, ಕ್ಯಾಮೆರಾ ಬಲೆಗೆ ಬಿಟ್ಟರೆ ಕಣ್ಣಿಗೆ ಬೀಳುವುದಿಲ್ಲ. ಇಲ್ಲಿ ನಿಮ್ಮ ಜಗಲಿಗೇ ಬರುತ್ತದೆ.

ಆರನೇ ದಿನ: ಒಲಿಫಾಂಟ್ಸ್

54 ಕಿ.ಮೀ. ಅಷ್ಟೆ. ಒಲಿಫಾಂಟ್ಸ್ ನದಿಯ ದೊಡ್ಡ ಸೇತುವೆಯಲ್ಲಿ ಬಣ್ಣದ ಗೆರೆಯೊಳಗೆ ಇಳಿದು ನಿಲ್ಲಬಹುದು. ಸೇತುವೆ ದಾಟಿದ ಮೇಲೆ ಕಾಡು ಬದಲಾಗುತ್ತದೆ. ಚಿಟ್ಟೆಯ ರೆಕ್ಕೆಯಂಥ ಜೋಡಿ ಎಲೆಯ ಮೊಪಾನೆ ಪೊದೆ, ಮೈಲಿಗಟ್ಟಲೆ ಅದೇ. ಸಿಂಹ, ಜೀಬ್ರಾ ತೆಳುವಾಗುತ್ತವೆ. ಐದೇ ರಾತ್ರಿಯವರು ಇನ್ನೂ ಉತ್ತರಕ್ಕೆ ಹೋಗಬೇಡಿ ಎನ್ನುವುದು ಇದಕ್ಕೇ.

ಕ್ಯಾಂಪು ಇರುವುದು ಬಂಡೆಯ ನೆತ್ತಿಯಲ್ಲಿ, ನದಿಯಿಂದ ಸುಮಾರು ನೂರು ಮೀಟರ್ ಮೇಲೆ. ಈ ಮಧ್ಯಾಹ್ನ ಕಾರಿನ ಬೀಗ ಹಾಕಿಬಿಡಿ. ಕಟ್ಟೆಯ ಮೇಲೆ ದುರ್ಬೀನು ಹಿಡಿದು ಕೂತರೆ ಕೆಳಗೆ ಮರಳಿನಲ್ಲಿ ಆನೆಗಳು ಸೊಂಡಿಲಿನಿಂದ ಗುಂಡಿ ತೋಡಿ, ಮೊದಲ ಕೆಸರು ನೀರನ್ನು ಚೆಲ್ಲಿ, ತಿಳಿಯಾಗುವವರೆಗೆ ಕಾದು ಕುಡಿಯುವುದು ಕಾಣುತ್ತದೆ. ಬಟೆಲೂರ್ ಹದ್ದು ನಿಮ್ಮ ಕಣ್ಣಿಗಿಂತ ಕೆಳಗೆ ಹಾರುತ್ತದೆ. ಬೇಲಿಯ ಮೇಲೆ ಕೂತ ನೇರಳೆ ಎದೆಯ ರೋಲರ್ ಹಕ್ಕಿ ನಮ್ಮ ನಾಡಹಕ್ಕಿ ನೀಲಕಂಠದ ದಾಯಾದಿ. ಹಾರಿದಾಗ ರೆಕ್ಕೆಯ ಆ ನೀಲಿ ನೋಡಿದರೆ ಪರಿಚಯ ಬೇಕಾಗಿಲ್ಲ.

ಏಳನೇ ದಿನ: ಲೆಟಾಬಾ ಮೂಲಕ ಹೊರಗೆ

ಲೆಟಾಬಾ 32 ಕಿ.ಮೀ. ಅಲ್ಲಿನ ಆನೆ ಸಂಗ್ರಹಾಲಯಕ್ಕೆ ಒಂದು ಗಂಟೆ. ‘ಮ್ಯಾಗ್ನಿಫಿಸೆಂಟ್ ಸೆವೆನ್’ ಎಂದು ಹೆಸರಾದ ದಂತಿಗಳ ದಂತಗಳಿವೆ. ಶಾವು ಎಂಬ ಆನೆಯದು ಮೂರು ಮೀಟರಿಗೂ ಉದ್ದ. ಅಲ್ಲಿಂದ ಫಲಬೊರ್ವಾ ಬಾಗಿಲು 51 ಕಿ.ಮೀ. ಪರವಾನಗಿ ಚೀಟಿ ಕೇಳುತ್ತಾರೆ, ಡಿಕ್ಕಿ ತೆಗೆಸಿ ನೋಡುತ್ತಾರೆ.

ಫಲಬೊರ್ವಾದಿಂದ ಜೋಹಾನ್ಸ್‌ಬರ್ಗ್ 500 ಕಿ.ಮೀ. ಮೇಲೆ. ಅದೇ ರಾತ್ರಿಯ ವಿಮಾನ ಹಿಡಿಯುವ ಸಾಹಸ ಬೇಡ. ತ್ಸಾನೀನ್ ಮೇಲೆ ಬೆಟ್ಟ ಹತ್ತಿ ಪೊಲೊಕ್ವಾನೆಯಲ್ಲಿ ಮಲಗಿ, ಮರುದಿನ ಎನ್1ರಲ್ಲಿ ವಿಮಾನ ನಿಲ್ದಾಣ. ಐದು ದಿನ 40ರಲ್ಲಿ ಓಡಿಸಿದ ಕಾಲಿಗೆ 120 ವಿಪರೀತ ಅನ್ನಿಸುತ್ತದೆ, ಮೊದಲ ಅರ್ಧ ಗಂಟೆ ಎಡಸಾಲು ಬಿಡಬೇಡಿ. ಇಡೀ ಸುತ್ತು ಸುಮಾರು 1,500 ಕಿ.ಮೀ.; ಸಣ್ಣ ಕಾರಿಗೆ ಪೆಟ್ರೋಲ್ 105ರಿಂದ 120 ಲೀಟರ್. ನಿಲ್ದಾಣಕ್ಕೆ ಹತ್ತು ಕಿಲೋಮೀಟರ್ ಮೊದಲೇ ಟ್ಯಾಂಕು ತುಂಬಿಸಿ ರಸೀದಿ ಇಟ್ಟುಕೊಳ್ಳಿ. ಕಾರಿಗೆ ನೀರು ಹೊಡೆಸಿದ ಮೇಲೆ ಮತ್ತೆ ಸುತ್ತಲೂ ವಿಡಿಯೊ, ಏಕೆಂದರೆ ಕ್ರೂಗರ್‌ನ ಧೂಳಿನ ಕೆಳಗೆ ಗೀರು ಕಾಣುವುದಿಲ್ಲ, ಕೌಂಟರಿನವರಿಗೆ ಆಮೇಲೆ ಕಾಣುತ್ತದೆ. ಚೀಲದ ಅಕ್ಕಿ ಪೊಲೊಕ್ವಾನೆಯ ವಸತಿಗೃಹದ ಅಡುಗೆಯವರಿಗೆ ಕೊಟ್ಟುಬಿಡಿ, ಚೀಲ ಮಡಚಿದರೆ ಅಂಗೈಯಷ್ಟೇ.